ಗೋಡೆ ಬದಿಯ ಹಳದಿ ಚಿಗುರು

ಒಂದಾನೊಂದು ಸಸಿತೋಟದಲ್ಲಿ ಇನ್ನೂರು ಗುಲಾಬಿ ಗಿಡಗಳಿದ್ದವು. ಅವನ್ನು ಮಕ್ಕಳಂತೆ ಸಾಕಿದ ಒಬ್ಬ ಮಾಲಿಯಿದ್ದ. ತಿಂಗಳ ಪ್ರಯಾಣ ಮುಗಿಸಿ ಬಂದ ಯಜಮಾನ ನೋಡುತ್ತಾನೆ — ಗೋಡೆ ಬದಿಯ ಪಾತಿಯೆಲ್ಲ ಹಳದಿ! ಮಾಲಿಯ ಕೋಣೆಯಲ್ಲಿ ಕಳೆನಾಶಕದ ಖಾಲಿ ಡಬ್ಬಿ ಸಿಕ್ಕಿತು. ಅಲ್ಲಿಗೆ ವಿಚಾರಣೆ ಮುಗಿಯಿತು. ಇಪ್ಪತ್ತೆರಡು ವರ್ಷ ದುಡಿದವನು ವಿಷ ಹಾಕಿದವನೆನಿಸಿಕೊಂಡು ಗೇಟಿನಾಚೆ ನಿಂತ.

ಅವನ ಮಗಳು ನಮ್ಮ ದೊಡ್ಡಮ್ಮನ ಬಳಿ ಬಂದಳು. ದೊಡ್ಡಮ್ಮ ಮೂವತ್ತು ವರ್ಷ ಮಣ್ಣು ಪರೀಕ್ಷಾ ಕೇಂದ್ರದಲ್ಲಿದ್ದವರು.

“ಅಮ್ಮಾ, ಅಪ್ಪ ಬಾಯೇ ಬಿಡ್ತಿಲ್ಲ. ‘ಹೋಗ್ಲಿ ಬಿಡು’ ಅಂತಾನೆ. ಅವನು ವಿಷ ಹಾಕಿಲ್ಲ ಅಂತ ಯಜಮಾನ್ರ ಬಾಯಿಂದ್ಲೇ ಹೇಳಿಸಿ. ಎಲ್ಲರೆದುರು.”

“ಹೇಳಿಸ್ತೀನಿ. ಆದ್ರೆ ಮಣ್ಣಿಗೆ ದಾಕ್ಷಿಣ್ಯ ಇಲ್ಲ ಕಣೇ. ಅಗೆದ್ರೆ ಏನು ಬೇಕಾದ್ರೂ ಬರುತ್ತೆ.”

“ಬರ್ಲಿ.”

ಮರುದಿನ ಎಲ್ಲರೂ ಪಾತಿಯ ಬಳಿ ಸೇರಿದೆವು. ಮಾಲಿ ತಲೆ ತಗ್ಗಿಸಿ ನಿಂತಿದ್ದ.

“ಡಬ್ಬಿ ವಿಷ್ಯ ನಿಮಗೆ ಹೇಳಿದ್ಯಾರು?” — ದೊಡ್ಡಮ್ಮ ಕೇಳಿದರು.

“ಇವನ ಅಳಿಯ!” ಎಂದ ಯಜಮಾನ. “ಮನೆಯವನೇ ಹೇಳಿದ್ಮೇಲೆ ಇನ್ನೇನು?”

ಅಳಿಯ ಗಾರೆ ಕೆಲಸದವನು. ಈ ಪಾತಿಗೆ ಗಿಡ ನೆಡುವ ಮುಂಚೆ ಪಕ್ಕದ ಹಳೆಯ ಗೋಡೆ ಕೆಡವಿ ಹೊಸದು ಕಟ್ಟಿದವನೂ ಅವನೇ. “ಮಾವ ಅಂತ ಮುಚ್ಚಿಡೋಕಾಗುತ್ತಾ? ನ್ಯಾಯ ಅಂದ್ರೆ ನ್ಯಾಯ,” ಎಂದ.

ದೊಡ್ಡಮ್ಮ ಕುಕ್ಕರಗಾಲಲ್ಲಿ ಕುಳಿತರು. “ಕಳೆನಾಶಕ ಸುರಿದಿದ್ರೆ ಮೊದ್ಲು ಸಾಯ್ಬೇಕಾದ್ದು ಯಾವುದು?”

“ಕಳೆ,” ಎಂದ ಯಜಮಾನ.

“ಈ ಹುಲ್ಲು ನೋಡಿ. ಮದುವೆಗೆ ಹೊರಟ ಹಾಗಿದೆ!”

“ಹಾಗಾದ್ರೆ... ಗೊಬ್ಬರ ಸಾಲ್ಲಿಲ್ವಾ?”

“ಸಾರಜನಕ ಸಾಲ್ದಿದ್ರೆ ಹಳೇ ಎಲೆ ಮೊದ್ಲು ಹಳದಿ ಆಗುತ್ತೆ. ಗಿಡ ತನ್ನ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಉಣಿಸುತ್ತೆ. ಇಲ್ಲಿ ಹಳೇ ಎಲೆ ಹಸಿರು, ಚಿಗುರೇ ಹಳದಿ — ನರ ಮಾತ್ರ ಹಸಿರು. ಇದು ಕಬ್ಬಿಣದ ಹಸಿವು.”

“ಈ ಮಣ್ಣಲ್ಲಿ ಕಬ್ಬಿಣ ಇಲ್ವಾ?”

“ಬೇಕಾದಷ್ಟಿದೆ. ಸುಣ್ಣ ಹೆಚ್ಚಾದ್ರೆ ಅದು ಕರಗಲ್ಲ. ಕರಗದ್ದನ್ನ ಬೇರು ಹೀರಲ್ಲ. ಉಗ್ರಾಣ ತುಂಬಿದೆ, ಬಾಗಿಲಿಗೆ ಬೀಗ.”

“ಸುಣ್ಣ ಎಲ್ಲಿಂದ ಬಂತು?”

ನಾನು ಸಲಿಕೆ ಹಾಕಿದೆ. ಮೊಳದಾಳದಲ್ಲಿ ಬಿಳಿ ಹೆಂಟೆಗಳು. ಒಂದರ ಮೇಲೆ ಹಳೆಯ ಗೋಡೆಯ ನೀಲಿ ಬಣ್ಣ ಇನ್ನೂ ಅಂಟಿತ್ತು. ದೊಡ್ಡಮ್ಮ ವಿನೆಗರ್ ಸುರಿದರು. ಹೆಂಟೆ ಬುಸುಗುಟ್ಟಿ ನೊರೆಯುಗುಳಿತು.

ದೊಡ್ಡಮ್ಮ ಮಾಲಿಯ ಮಗಳ ಮುಖ ನೋಡಿ ತಡೆದರು.

“ಅರ್ಧಕ್ಕೆ ನಿಲ್ಲಿಸ್ಬೇಡಿ ಅಮ್ಮಾ.”

“ಕೆಡವಿದ ಗೋಡೆಯ ಸುಣ್ಣದ ಗಾರೆ ಇದು. ಹೊತ್ತು ಹಾಕೋಕೆ ಮೈಗಳ್ಳತನ, ಪಾತಿ ಕೆಳಗೇ ಹೂತುಬಿಟ್ಟ. ಎಲೆ ಹಳದಿಯಾದಾಗ, ಎಲ್ಲಿ ಅಗೀತಾರೋ ಅಂತ ಹೆದ್ರಿ, ಯಾವಾಗ್ಲೋ ಖಾಲಿಯಾದ ಡಬ್ಬಿ ತೋರಿಸ್ದ. ನಿನ್ನ ಗಂಡ.”

ಅವಳು ಗಂಡನತ್ತ ನೋಡಲೇ ಇಲ್ಲ. “ನಿಂಗೆ ಗೊತ್ತಿತ್ತಾ ಅಪ್ಪಾ?”

“ನೆಟ್ಟಾದ್ಮೇಲೆ ಸಲಿಕೆಗೆ ತಗುಲ್ತು ಮಗಳೇ. ನಿನ್ನ ಸಂಸಾರ...”

“ಅದಕ್ಕೆ ನೀನೂ ಆ ಗಾರೆ ಜೊತೆ ಹೂತುಹೋಗ್ತಿದ್ಯಾ?”

ಅಳಿಯ ಆಗಲೇ ಗೇಟು ದಾಟಿದ್ದ.

ಅವಳು ಯಜಮಾನನತ್ತ ತಿರುಗಿದಳು. “ಹೇಳಿ.”

“ಅದೇ... ನೀನು ವಿಷ ಹಾಕಿಲ್ಲ ಮಾರಾಯಾ.”

“ಜೋರಾಗಿ.”

“ಮಾಲಿ ವಿಷ ಹಾಕಿಲ್ಲ!”

ಕುಂಡ ತುಂಬುತ್ತಿದ್ದ ಕೆಲಸದವರೆಲ್ಲ ಕೈ ನಿಲ್ಲಿಸಿ ಕೇಳಿಸಿಕೊಂಡರು.