ಪಟ್ಟಿಯಿಂದ ಬಿಟ್ಟ ಮೂರು ಕಲ್ಲು

ಸೇತುವೆಯ ಡಿಸೈನರ್ ಮೇಡಂ ಸೈಟಿಗೆ ಬಂದ ಮೊದಲ ದಿನವೇ ಪೈಲಿಂಗ್ ಇಂಜಿನಿಯರ್ ತನ್ನ ಹೆಲ್ಮೆಟ್ ತೆಗೆದು ಅವಳಿಗೆ ಕೊಟ್ಟ. ಕೊಟ್ಟದ್ದಷ್ಟೇ ಅಲ್ಲ, ಗದ್ದದ ಪಟ್ಟಿ ಬಿಗಿಯುವುದು ಹೇಗೆಂದು ಬಗ್ಗಿ ತೋರಿಸಿದ. ಕಲ್ಲಿನ ಮಾದರಿಗಳ ಪೆಟ್ಟಿಗೆ ಎದುರು ಕುಕ್ಕರಗಾಲಲ್ಲಿ ಕೂತಿದ್ದ ಭೂವಿಜ್ಞಾನಿಗೆ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು.

ಎರಡು ವರ್ಷದಿಂದ ಭೂವಿಜ್ಞಾನಿ, ಇಂಜಿನಿಯರ್ ಇಬ್ಬರೂ ಇದೇ ಸೇತುವೆಯ ಕೆಲಸದಲ್ಲಿದ್ದರು. ಹೊಳೆಯ ತಳದಿಂದ ಕೊರೆದು ತೆಗೆದ ಬಂಡೆ ಎಷ್ಟು ಭಾರ ತಡೆಯುತ್ತದೆಂದು ಹೇಳುವವಳು ಅವಳು. ಆ ಮಾತು ನಂಬಿ ಕಾಂಕ್ರೀಟ್ ಕಂಬ ಇಳಿಸುವವನು ಅವನು. ಟೀ ಹೊತ್ತಿಗೆ ಅವಳ ಲೋಟವನ್ನೂ ತಾನೇ ತರುತ್ತಿದ್ದ. ಬಾಯಿಬಿಟ್ಟು ಮಾತ್ರ ಇಬ್ಬರೂ ಏನೂ ಹೇಳಿರಲಿಲ್ಲ.

"ಬಂಡೆ ಮೆತ್ತಗಿದೆ, ನಿಜ," ಎಂದಳು ಮೇಡಂ. "ಆದ್ರೆ ಕಂಬದ ಪಕ್ಕಗಳನ್ನ ಚೆನ್ನಾಗಿ ಹಿಡ್ಕೊಳ್ಳುತ್ತೆ. ಬಂಡೆಯೊಳಗೆ ಮೂರು ಮೀಟರ್ ಇಳಿಸಿದ್ರೆ ಸಾಕು."

"ಮೂರೇ ಸಾಕಾ?" ಅವನು ಕಣ್ಣರಳಿಸಿ ನಕ್ಕ. ಆ ನಗು ತನ್ನೊಬ್ಬಳ ಸ್ವತ್ತು ಅಂದುಕೊಂಡಿದ್ದಳು ಭೂವಿಜ್ಞಾನಿ.

ಮನೆಗೆ ಬಂದಾಗ ಅಕ್ಕ ಕೇಳಿದಳು, "ಯಾಕೆ ಮುಖ ಊದಿಸ್ಕೊಂಡಿದ್ದೀಯ?"

"ಏನಿಲ್ಲ."

"ಆ 'ಏನಿಲ್ಲ' ದಿನಾ ನಿನ್ನ ಜೊತೆ ಟೀ ಕುಡಿಯುತ್ತೆ, ಅಲ್ವಾ?"

ಮರುದಿನ ವರದಿ ಬರೆಯುವಾಗ ಅವಳ ಕೈ ತಪ್ಪಿತು. ತಪ್ಪಿತು ಅನ್ನುವುದು ಸುಳ್ಳು, ತಪ್ಪಿಸಿದಳು. ಹನ್ನೆರಡು ಮಾದರಿಗಳಲ್ಲಿ ಗಟ್ಟಿಯಾಗಿದ್ದ ಮೂರನ್ನು "ಬಿರುಕು ಬಿಟ್ಟಿವೆ" ಎಂದು ಪಟ್ಟಿಯಿಂದ ಕೈಬಿಟ್ಟಳು. ಸರಾಸರಿ ಇಳಿಯಿತು. ಐದು ಮೀಟರ್ ಬೇಕು ಎಂದು ಬರೆದು ಸಹಿ ಹಾಕಿದಳು.

ವರದಿ ಕೊಟ್ಟ ಅರ್ಧ ಗಂಟೆಗೆ ಸೈಟ್ ಆಫೀಸಿನಲ್ಲಿ ಜೋರು ದನಿ. ಅವಳು ಬಾಗಿಲ ಹತ್ತಿರ ನಿಂತಳು.

"ಒಂದೊಂದು ಕಂಬಕ್ಕೂ ಎರಡು ಮೀಟರ್ ಜಾಸ್ತಿ! ಕಣ್ಣುಮುಚ್ಕೊಂಡು ಒಪ್ಕೋತೀರಾ?" ಮೇಡಂ ಕೇಳುತ್ತಿದ್ದಳು.

"ಒಪ್ಕೋತೀನಿ," ಎಂದ ಅವನು. "ಕಲ್ಲಿನ ವಿಷಯದಲ್ಲಿ ಅವರು ಇವತ್ತಿನವರೆಗೂ ಸುಳ್ಳು ಹೇಳಿಲ್ಲ ಮೇಡಂ. ಅವರು ಐದು ಅಂದ್ರೆ ನನಗೂ ಐದೇ."

ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಹಿಗ್ಗಬೇಕಾದ ಮಾತು ಕೆನ್ನೆಗೆ ಬಾರಿಸಿದಂತಿತ್ತು. ಒಳಗೆ ಹೋದಳು.

"ಸುಳ್ಳು ಹೇಳಿದ್ದೀನಿ. ಗಟ್ಟಿಯಾಗಿದ್ದ ಮೂರು ಮಾದರಿ ಬೇಕಂತಲೇ ಬಿಟ್ಟೆ. ಅವುಗಳಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ."

ಮೇಡಂ ಅವಳನ್ನು ನೋಡಿದಳು, ಅವನನ್ನು ನೋಡಿದಳು, ನಕ್ಷೆ ಸುತ್ತಿಕೊಂಡಳು. "ಮೂರು ಮೀಟರಿನ ಒಂದು ಕಂಬ ಇಳಿಸಿ, ಭಾರ ಹೇರಿ ನೋಡೋಣ. ಕಂಬಕ್ಕೆ ಯಾರ ಮೇಲೂ ಸಿಟ್ಟಿರಲ್ಲ."

ಕಾಂಕ್ರೀಟ್ ಗಟ್ಟಿಯಾಗುವವರೆಗೆ ನಾಲ್ಕು ವಾರ ಅವನು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಪರೀಕ್ಷೆಯ ದಿನ ಅವಳು ಗೇಜ್ ಓದಿದಳು, ಅವನು ಬರೆದುಕೊಂಡ. ಹೊರಬೇಕಾದದ್ದರ ಎರಡು ಪಟ್ಟು ಭಾರ ಹೇರಿದರೂ ಕಂಬ ಕುಸಿದದ್ದು ಎಂಟೇ ಮಿಲಿಮೀಟರ್.

"ನಿಂತಿದೆ," ಎಂದಳು. "ಮೇಡಂ ಹೇಳಿದ್ದೇ ಸರಿ."

"ಯಾಕೆ ಹಾಗೆ ಮಾಡಿದ್ರಿ?"

"ಹೊಟ್ಟೆಕಿಚ್ಚಿಗೆ. ನೀವು ಅವರ ಜೊತೆ ನಗ್ತಿದ್ರಲ್ಲ, ಅದಕ್ಕೆ."

ಅವನ ಪೆನ್ನು ನಿಂತಿತು. "ನನ್ನ ಕೋಪ ಇನ್ನೂ ಹೋಗಿಲ್ಲ."

"ಇರಲಿ. ತಪ್ಪು ನಂದೇ."

"ಇನ್ನೊಂದ್ಸಲ ಹೊಟ್ಟೆ ಉರಿದ್ರೆ ನನ್ನನ್ನ ಬಯ್ಯಿ. ಕಲ್ಲಿಗೆ ಅನ್ಯಾಯ ಮಾಡ್ಬೇಡ."

ಅವಳು ತಲೆಯೆತ್ತಿದಳು. "ಬಯ್ಯಿ ಅಂದ್ರಾ? ಏಕವಚನ?"

"ಪ್ರೀತಿಸೋಳನ್ನ ಇನ್ನೂ ಎಷ್ಟು ದಿನ ಬಹುವಚನದಲ್ಲಿ ಕರೀಲಿ?" ಎಂದು ಕಾಗದಕ್ಕೇ ಹೇಳಿದ, ಕಿವಿ ಕೆಂಪಾಗಿತ್ತು. "ಹೂಂ, ಮುಂದಿನ ರೀಡಿಂಗ್ ಹೇಳು."

ಅವಳು ಗೇಜಿನ ಕಡೆ ಬಗ್ಗಿದಳು. ಮುಳ್ಳು ಕಾಣಲೇ ಇಲ್ಲ.

"ತಾಳೋ," ಎಂದಳು, "ಕಣ್ಣು ಒರೆಸ್ಕೋತೀನಿ."