ಇಟಲಿಯ ಕಾರಿಗೆ ಟಿಕೋಟಾದ ಕೈ

"ಬಾನೆಟ್‌ಗೆ ಕೈ ಹಚ್ಚಬ್ಯಾಡ್ರಿ!"

ಇಟಲಿಯ ಆ ಪುಟ್ಟ ಊರಿನ ಚೌಕದಲ್ಲಿ ಅಪ್ಪಟ ಬಬಲೇಶ್ವರದ ದನಿ ಕೇಳಿ ಮಹಾನಂದಾ ತಿರುಗಿ ನೋಡಿದಳು.

ಮಲ್ಲಿನಾಥ! ದ್ರಾಕ್ಷಿ ಬೆಳೆಗಾರರ ಪ್ರವಾಸದ ಉಸ್ತುವಾರಿ. ಬಬಲೇಶ್ವರದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟವನು. ಮೂರು ದಿನ ಒಂದೇ ಬಸ್ಸಿನಲ್ಲಿ ತಿರುಗಿದರೂ ಅವಳೊಂದಿಗೆ ಅವನಾಡಿದ ಮೊದಲ ಮಾತೇ ಇದು.

"ಯಾಕ್ರಿ? ಕಾರ್ ನಿಮ್ಮದೇನು?"

"ನನ್ನದಲ್ಲ, ನಿಮ್ಮದೂ ಅಲ್ಲ! ಬಸ್ಸಿನ್ಯಾಗ ಹದಿನೆಂಟು ಮಂದಿ ಕಾಯಾಕತ್ತಾರ. ನಾವು ದ್ರಾಕ್ಷಿ ನೋಡಾಕ ಬಂದೀವ್ರಿ, ಕಾರ್ ನೋಡಾಕ ಅಲ್ಲ."

ಅವಳು ಬಂದದ್ದೇ ಕಾರು ನೋಡಲು ಎಂದು ಈ ಪುಣ್ಯಾತ್ಮನಿಗೆ ಹೇಳುವವರು ಯಾರು?

ಅವಳ ಅಪ್ಪ ರೇವಪ್ಪನಿಗೆ ಹೊನವಾಡದಲ್ಲಿ ನಾಲ್ಕೆಕರೆ ದ್ರಾಕ್ಷಿ, ಟಿಕೋಟಾದಲ್ಲೊಂದು ಗ್ಯಾರೇಜು. ಮಂಡಿನೋವೆಂದು ಅವನು ಹಿಂದೆ ಸರಿದದ್ದಕ್ಕೆ ಪ್ರವಾಸದ ಸೀಟು ಮಗಳಿಗೆ ಸಿಕ್ಕಿತ್ತು. ನಾಲ್ಕು ವರ್ಷದಿಂದ ಆ ಗ್ಯಾರೇಜು ನಡೆಸುತ್ತಿದ್ದವಳೂ ಅವಳೇ. ರೋಮಿನ ಓಣಿಯಲ್ಲಿ ಎದೆಯೆತ್ತರದ ಪುಟಾಣಿ ಫಿಯೆಟ್ ಕಂಡು ಮುಟ್ಟಿ ಮಾತಾಡಿಸಿದ್ದಳು. ತರಕಾರಿ ಹೊತ್ತ ಮೂರು ಗಾಲಿಯ ಟೆಂಪೋ ಕಂಡು, "ಅಯ್ಯ, ಇದು ನಮ್ಮ ವಿಜಾಪುರದ ಗಾಡಿ!" ಎಂದು ಕೂಗಿ ಬಸ್ಸನ್ನೆಲ್ಲ ನಗಿಸಿದ್ದಳು.

ಈಗ ಎದುರಿಗೆ ನಿಂತದ್ದು ಹಳೆಯ ಫಿಯೆಟ್ ಹನ್ನೊಂದುನೂರು. ನಮ್ಮಲ್ಲಿ ಪದ್ಮಿನಿ ಎಂಬ ಹೆಸರಿನಿಂದ ಓಡಿತಲ್ಲ, ಅದರದೇ ಬಳಗ. ಎಷ್ಟು ಕೀಲಿ ತಿರುಗಿಸಿದರೂ ಅದು ಚಾಲೂ ಆಗದೆ, ಅದರ ಮುದುಕ ಮಾಲೀಕ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ.

"ಇಂಥಾವು ಮೂರು ಬಿಚ್ಚಿ ಕೂಡಿಸೇನ್ರಿ. ಐದು ನಿಮಿಷ ಕೊಡ್ರಿ," ಎಂದಳು ಮಹಾನಂದಾ. ಬಸ್ಸಿನಿಂದಿಳಿದು ಬೀಡಿ ಹಚ್ಚಿದ್ದ ಜೊತೆಯ ರೈತನ ಕಡೆ ತಿರುಗಿದಳು. "ಧೂಳಪ್ಪ ಕಾಕಾ, ನಿಮ್ಮ ಕಡ್ಡಿಪೆಟ್ಟಿಗಿ ಕೊಡ್ರಿ ಇತ್ಲಾಗ!"

ಕಡ್ಡಿ ಗೀರುವ ಆ ಒರಟು ಬದಿಯಿಂದ ಕಿಡಿ ಹಾರಿಸುವ ಪಾಯಿಂಟನ್ನು ಉಜ್ಜಿದಳು, ಊದಿದಳು, ಮತ್ತೆ ಉಜ್ಜಿದಳು. ಮೊಣಕೈತನಕ ಮಸಿ!

"ಹಚ್ಚು!" ಎಂದು ಕೈಸನ್ನೆ ಮಾಡಿದಳು.

ಎಂಜಿನ್ ಗುರ್ ಎಂದಿತು... ಚೌಕದ ತುಂಬ ಚಪ್ಪಾಳೆ! ಮುದುಕ ಅವಳ ಮಸಿಗೈಯನ್ನೇ ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಯಾವ ಊರು ಎಂದು ಸನ್ನೆಯಲ್ಲೇ ಕೇಳಿದ.

ಇಂಡಿಯಾ ಎನ್ನಬೇಕಿತ್ತು. ಹೆಮ್ಮೆ ಉಕ್ಕಿದಾಗ ಬಾಯಿಗೆ ಬಂದದ್ದು ಬೇರೆ. "ಟಿಕೋಟಾ!"

ಮಲ್ಲಿನಾಥ ಗಡಿಯಾರ ನೋಡುವುದನ್ನೇ ಮರೆತಿದ್ದ. ಫೋನು ಕೈಗೆ ತೆಗೆದು ತೊದಲಿದ. "ಒಂದು... ಫೋಟೋ ತಗೀಲೇನ್ರಿ?"

"ತಡೀರಿ, ಕೈ ತೊಳಕೊಂಡು ಬರ್ತೀನಿ."

"ಬ್ಯಾಡ್ರಿ. ಹಂಗೇ ಇರ್ರಿ."

ಆ ಒಂದು ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಉಳಿದ ಆರು ದಿನ ಬಸ್ಸಿನ ಕಿಟಕಿಯಲ್ಲಿ ಕಾರು ಹುಡುಕಿ ತೋರಿಸುವುದೇ ಅವನ ಕೆಲಸವಾಯಿತು. "ಅಲ್ನೋಡ್ರಿ, ಕೆಂಪಂದು!" ಎನ್ನುವನು. ಅವಳು ಕಾರು ನೋಡುವಳು, ಆಮೇಲೆ ಅವನನ್ನೂ.

ಊರಿಗೆ ಬಂದು ವಾರ ಕಳೆದಿತ್ತು. ನಿರ್ಮಲಾ ಚಿಗವ್ವ ಸಂಭ್ರಮದಿಂದ ಗ್ಯಾರೇಜಿಗೆ ಬಂದಳು.

"ಬಬಲೇಶ್ವರದವರು ನಿನ್ನ ಕೇಳ್ಯಾರಬೇ! ನೋಡು, ಇದ ಫೋಟೋ ಎಲ್ಲಾರ ಕೈಯಾಗ ಓಡ್ಯಾಡಾಕತ್ತೈತಿ."

ಇಟಲಿಯ ಚೌಕ, ಅವಳ ನಗು... ಆದರೆ ಫೋಟೋ ಭುಜಕ್ಕೇ ಮುಗಿದಿತ್ತು.

"ಚಿಗವ್ವಾ, ನನ್ನ ಕೈ ಎಲ್ಲಿ ಹೋದ್ವು?"

"ಹೆಣ್ಣಿನ ಫೋಟೋಕ್ಕ ಮುಖ ಲಕ್ಷಣ ಇದ್ರ ಸಾಕು ಬಿಡು."

ಮಹಾನಂದಾ ನಟ್ಟು ಬಿಚ್ಚುತ್ತಿದ್ದ ಪಾನಾವನ್ನು ನೆಲಕ್ಕೆ ಕುಕ್ಕಿದಳು. ಹಂಗೇ ಇರ್ರಿ ಎಂದವನು ಊರು ಮುಟ್ಟಿದ ಕೂಡಲೇ ಕತ್ತರಿಸಿದನೇ? ಚಪ್ಪಾಳೆ ಇಟಲಿಯಲ್ಲಿ, ನಾಚಿಕೆ ಬಬಲೇಶ್ವರದಲ್ಲೇ? ಅವನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು... ಅತ್ತಳೇ ಹೊರತು ಎತ್ತಲಿಲ್ಲ.

ಹೆಣ್ಣು ನೋಡುವುದಕ್ಕೆ ಮಾತ್ರ ಹೂಂ ಅಂದಳು. 'ಬರಲಿ. ಎಲ್ಲರ ಮುಂದೆಯೇ ಹೇಳುತ್ತೇನೆ.'

ರವಿವಾರ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ, ಚಿಗವ್ವನ ಹಳೆಯ ಮನೆ. ಜಮಖಾನದ ಮೇಲೆ ಮಲ್ಲಿನಾಥ, ಅವನ ತಾಯಿ ರಾಚವ್ವ, ಪಕ್ಕದಲ್ಲಿ ರೇವಪ್ಪ. ರೇಷ್ಮೆ ಸೀರೆಯ ಹುಡುಗಿ ಬರುತ್ತಾಳೆಂದು ಎಲ್ಲರೂ ಕಾದಿದ್ದರೆ, ಬಾಗಿಲಲ್ಲಿ ನಿಂತದ್ದು ಗ್ಯಾರೇಜಿನ ಬಟ್ಟೆಯ ಮಹಾನಂದಾ!

"ಏನಬೇ ಇದು ಅವತಾರ!" ಚಿಗವ್ವ ಎದೆ ಎದೆ ಬಡಿದುಕೊಂಡಳು.

ಮಹಾನಂದಾ ಎರಡೂ ಮಸಿಗೈ ಮುಂದೆ ಚಾಚಿದಳು. ದನಿ ನಡುಗಿತು, ತಲೆ ಬಾಗಲಿಲ್ಲ.

"ನೋಡ್ರಿ ಯವ್ವಾ. ನಿಮ್ಮ ಮಗ ಫೋಟೋದಾಗ ಕತ್ತರಿಸಿದ್ದು ಇವನ್ನ. ಈ ಕೈ ಬಿಟ್ಟು ನಾನಿಲ್ಲ, ಗ್ಯಾರೇಜೂ ಬಿಡೂದಿಲ್ಲ. ಮನಸಿದ್ರ ಮಾತಾಡ್ರಿ. ಇಲ್ಲಂದ್ರ ಚಹಾ ಕುಡದು ಹೋಗ್ರಿ."

ಮಲ್ಲಿನಾಥ ದಡಕ್ಕನೆ ಎದ್ದ. "ನಾ ಯಾವಾಗ ಕತ್ತರಿಸಿದೆನ್ರಿ?"

ರಾಚವ್ವ ಸಾವಕಾಶವಾಗಿ ಫೋನು ತೆಗೆದು ಅವಳ ಮುಖದ ಮುಂದೆ ಹಿಡಿದಳು. ಅದರಲ್ಲಿ ಇಡೀ ಮಹಾನಂದಾ ಇದ್ದಳು, ಮೊಣಕೈತನಕ ಮಸಿಯ ಸಮೇತ!

"ನನಗ ಬಂದದ್ದು ಇದಬೇ. ಸಂತ್ಯಾಗ ಸಿಕ್ಕಸಿಕ್ಕವರಿಗೆಲ್ಲ ತೋರಿಸೇನಿ, ಪರದೇಶದ ಗಾಡಿ ರಿಪೇರಿ ಮಾಡಿದ ಹುಡುಗಿ ನಮ್ಮ ಮನಿಗೆ ಬರತಾಳಂತ. ಕತ್ತರಿಸಿದ್ದು ಯಾರು?"

ಎಲ್ಲರ ಕಣ್ಣೂ ಚಿಗವ್ವನ ಕಡೆ ತಿರುಗಿದವು. ಅವಳು ಸೆರಗು ತಿರುವುತ್ತ ಗೊಣಗಿದಳು. "ಸಂಬಂಧ ಹೊಳ್ಳಿ ಹೋಗಬಾರದಂತ... ನೀವು ಕಳಿಸಿದ ಫೋಟೋನ ನಮ್ಮ ಮಂದಿಗೆ ತೋರಿಸಾಕ ನಾನ ಕತ್ತರಿಸಿದ್ನಿ. ಹೆಣ್ಣಿನ ಕರಿ ಕೈ ಯಾರು ಒಪ್ಪತಾರ ಅಂತ..."

"ನಾ ಒಪ್ಪೇನಲ್ಲ," ಎಂದಳು ರಾಚವ್ವ.

ಮಹಾನಂದಾಳ ಕಣ್ಣು ತುಂಬಿತು. ಒರೆಸಿಕೊಂಡರೆ ಮುಖವೆಲ್ಲ ಮಸಿ! ಮಲ್ಲಿನಾಥ ಕರವಸ್ತ್ರ ಚಾಚಿದ.

"ಅಷ್ಟು ಸಲ ಫೋನ್ ಮಾಡಿದೆ. ಎತ್ತಬಾರದೇನ್ರಿ? ಮೊದಲು ನಿಮಗ ಹೇಳಬೇಕಂತಿದ್ದೆ, ಅಷ್ಟರಾಗ ಅವ್ವ ಕೇಳಿಬಿಟ್ಟಳು..."

"ಏನು ಹೇಳೋರಿದ್ರಿ?"

ಅಷ್ಟು ಮಂದಿಯ ನಡುವೆ ಅವನ ಕಿವಿ ಕೆಂಪಾಯಿತು. ಆದರೂ ಹೇಳಿದ. "ದ್ರಾಕ್ಷಿ ನೋಡಾಕ ಹೋಗಿದ್ದೆ. ನಿಮ್ಮನ್ನ ನೋಡಿ ಬಂದೆ. ಮತ್ತ ಏನೂ ನೆನಪಿಲ್ಲ ನನಗ."

ಮೂಲೆಯಲ್ಲಿ ಕೂತ ರೇವಪ್ಪ ಕೆಮ್ಮಿದ, ಕಣ್ಣು ಒರೆಸಿಕೊಂಡ.

"ಹಂಗಾದ್ರ ತಡಾ ಯಾಕ?" ರಾಚವ್ವ ನಕ್ಕಳು. "ನಮ್ಮ ಹುಡುಗನ ಹೆಸರು ಹೇಳಬೇ, ಒಡಪು ಹಾಕಿ!"

ಲಗ್ನವಾದವರಷ್ಟೇ ಗಂಡನ ಹೆಸರನ್ನು ಪ್ರಾಸ ಕೂಡಿಸಿದ ಒಡಪಿನಲ್ಲಿ ಹೇಳುವುದು. ಈಗಲೇ ಹೇಳಿದರೆ ಇಡೀ ಜನ್ಮಕ್ಕೆ ಒಪ್ಪಿದಂತೆ... ಮಹಾನಂದಾ ಗಲ್ಲದ ಮಸಿಯನ್ನೂ ಒರೆಸಲಿಲ್ಲ. ಅವನನ್ನೇ ನೋಡುತ್ತ ಹೇಳಿದಳು:

"ಯಾರ ಗಾಡಿ ನಿಂತರೂ ಬಾನೆಟ್ ತೆರೆದು ಮಾಡತೀನಿ ಚಾಲು,
ಬಬಲೇಶ್ವರದ ಮಲ್ಲಿನಾಥರು ಇವತ್ತಿನಿಂದ ನನ್ನ ಪಾಲು!"

ಮನೆಯೆಲ್ಲ ನಗೆ! ಆ ಗದ್ದಲದಲ್ಲಿ ಅವನು ಅವಳಿಗಷ್ಟೇ ಕೇಳುವಂತೆ ಅಂದ. "ಒಡಪಿನ್ಯಾಗೂ ಗ್ಯಾರೇಜ್ ಬಿಡಲಿಲ್ಲ ನೀವು."

"ಬಿಡೂದಿಲ್ರಿ. ನಡೀತೈತೇನು?"

"ಬಿಟ್ಟಿದ್ರ ನಾನ ಒಪ್ಪತಿರಲಿಲ್ಲ."