ಆರಿಫನ ಸೊನ್ನೆ

"ನನ್ನ ಹೆಸರು ಎಲ್ಲೈತಿ?"

ಆರಿಫ್ ಸೊಂಟದ ಮೇಲೆ ಕೈಯಿಟ್ಟು ಬೋರ್ಡಿನ ಮುಂದೆ ನಿಂತಿದ್ದ. ಬೋರ್ಡಿನ ಮೇಲೆ ಏಳು ಹೆಸರು, ಏಳು ಅಂಕಿ. ಎಲ್ಲವನ್ನೂ ಬರೆದವಳು ಪುಷ್ಪಲತಾ. ಐದನೇ ಕ್ಲಾಸಿನಲ್ಲಿ ಅವಳಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿರಲಿಲ್ಲ. ಅದು ಅವಳಿಗೂ ಚೆನ್ನಾಗಿಯೇ ಗೊತ್ತಿತ್ತು.

"ನಿನಗ ಒಂದೂ ಹುಲ್ಲು ಸಿಗಲಿಲ್ಲ. ಏನಂತ ಬರೀಲಿ?"

"ಸಿಗಲಿಲ್ಲ ಅಂದ್ರ ನಾ ರಿಮ್ ಒಗದೇ ಇಲ್ಲೇನು? ನಾನೂ ಬಿಸಿಲಾಗ ನಡದೇನಿ!"

ಅವನು ಹೇಳಿದ್ದು ನಿಜವೇ. ಹಿಂದಿನ ದಿನ ಮೀನಾಕ್ಷಿ ಟೀಚರ್ ಎಲ್ಲರನ್ನೂ ಗಾಯರಾಣಕ್ಕೆ ಕರೆದುಕೊಂಡು ಹೋಗಿದ್ದರು. ಗಾಯರಾಣವೆಂದರೆ ಊರಿನ ದನ, ಆಡುಗಳೆಲ್ಲ ಮೇಯುವ ಬಯಲು. ಮೇದು ಮೇದು ಅದು ಬೋಳುಬೋಳಾಗಿತ್ತು. ಮೂರು ವರ್ಷದ ಹಿಂದೆ ಊರವರು ಸೇರಿ ಸುತ್ತ ತಗ್ಗು ತೋಡಿ, ಯಾರೂ ಆಡು ಬಿಡಬಾರದೆಂದು ಗೊತ್ತು ಮಾಡಿದರು. ಹುಲ್ಲು ತಾನಾಗಿಯೇ ಎದ್ದಿತು. ಹುಲ್ಲು ಎದ್ದದ್ದು ಹೇಗೆ ತಿಳಿಯಿತೋ, ಚಿಗರಿ ಜಿಂಕೆಗಳೂ ತಗ್ಗು ಜಿಗಿದು ಬಂದವು. ನಿನ್ನೆ ಒಂದು ಚಿಗರಿ ಮರಿಯ ಕಿವಿಗಳು ಹುಲ್ಲಿನ ನಡುವೆ ಅಲ್ಲಾಡಿದ್ದನ್ನು ಪುಷ್ಪಲತಾ ಕಣ್ಣಾರೆ ನೋಡಿದ್ದಳು.

ಬಯಲಿನ ಹುಲ್ಲನ್ನೆಲ್ಲ ಎಣಿಸಲು ಆಗುತ್ತದೆಯೇ? ಅದಕ್ಕೇ ಟೀಚರ್ ಒಂದು ಹಳೆಯ ಸೈಕಲ್ ರಿಮ್ ತಂದಿದ್ದರು. ಕಣ್ಣು ಮುಚ್ಚಿ ಅದನ್ನು ಬೆನ್ನ ಹಿಂದಕ್ಕೆ ಎಸೆಯಬೇಕು. ಬಿದ್ದಲ್ಲಿ, ರಿಮ್ಮಿನ ಒಳಗಿರುವ ಹುಲ್ಲಿನ ಬುಡಗಳನ್ನು ಎಣಿಸಬೇಕು. ಹತ್ತು ಮಕ್ಕಳು ಎಸೆದರು, ಪುಷ್ಪಲತಾ ಬರೆದುಕೊಂಡಳು. ಆರಿಫ್ ಮತ್ತು ಇನ್ನಿಬ್ಬರದು ಬರೀ ಕಲ್ಲುನೆಲದ ಮೇಲೆ ಬಿತ್ತು. ಆ ಮೂವರದ್ದನ್ನು ಅವಳು ಬರೆಯಲೇ ಇಲ್ಲ.

ಉಳಿದ ಏಳನ್ನು ಕೂಡಿಸಿದರೆ ನೂರ ಅರವತ್ತೆಂಟು. ಏಳರಿಂದ ಭಾಗಿಸಿದರೆ ಸರಾಸರಿ ಇಪ್ಪತ್ನಾಲ್ಕು. ಸರಾಸರಿ ಇಪ್ಪತ್ತು ದಾಟಿದರೆ ಸೋಮವಾರದಿಂದ ಆಡು ಬಿಡುವುದು, ದಾಟದಿದ್ದರೆ ಇನ್ನೊಂದು ವರ್ಷ ಕಾಯುವುದು ಎಂದು ಊರವರು ಮೊದಲೇ ಮಾತಾಡಿಕೊಂಡಿದ್ದರು.

ಟೀಚರ್ ಇನ್ನೂ ಲೆಕ್ಕ ನೋಡಿರಲಿಲ್ಲ. ಆದರೆ ಇಪ್ಪತ್ನಾಲ್ಕು ಆಗಲೇ ಬಿಸಿಯೂಟದ ಅಡುಗೆಮನೆ ಮುಟ್ಟಿಬಿಟ್ಟಿತ್ತು. ಅಡುಗೆಯ ಕರೆವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅವಳ ಮನೆಯಲ್ಲಿ ಆರು ಆಡುಗಳಿದ್ದವು.

"ಇಪ್ಪತ್ನಾಲ್ಕಂತಲ್ಲ! ನಿನ್ನ ಬಾಯಾಗ ಸಕ್ರಿ ಬೀಳಲಿ ನನ್ನವ್ವಾ. ಆಡಿಗೆ ಸೊಪ್ಪು-ತಪ್ಪಲ ಹೊತ್ತು ಹೊತ್ತು ನನ್ನ ಸೊಂಟಾ ಮುರದೈತಿ. ಸೋಮವಾರ ಆಡು ಹೊಡಕೊಂಡು ಹೊಕ್ಕೇನಿ."

ಪುಷ್ಪಲತಾಳಿಗೆ ಖುಷಿಯಾಯಿತು. ಮರುಕ್ಷಣವೇ ಒಂಥರಾ ಆಯಿತು. ಸೋಮವಾರ ಊರಿನ ಆಡೆಲ್ಲ ನುಗ್ಗಿದರೆ ಆ ಮರಿ ಎಲ್ಲಿಗೆ ಹೋಗುತ್ತದೆ? ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಅವಳು ತಿಳಿದಿದ್ದಳು. ಯಾರಿಗೆ ಒಳ್ಳೆಯದು ಎಂಬುದೇ ಈಗ ತಿಳಿಯದಾಯಿತು.

"ನನ್ನ ಹೆಸರು ಬರಿ," ಎಂದ ಆರಿಫ್. ಅವನದು ಒಂದೇ ಹಟ.

"ತಗೋ, ಬರದೆ!" ಅವಳು ಮೂರೂ ಹೆಸರು ಬರೆದು ಮುಂದೆ ಸೊನ್ನೆ ಸುತ್ತಿದಳು. "ಕೂಡಿಸಿದ್ರೂ ನೂರ ಅರವತ್ತೆಂಟೇ. ಏನೂ ಬದಲಾಗಲಿಲ್ಲ, ನೋಡು."

"ಭಾಗಿಸು ಮತ್ತ. ಈಗ ಹತ್ತು ಮಂದಿ ಅದೀವಲ್ಲ."

ಭಾಗಿಸಿದಳು. ಹದಿನಾರು ಪಾಯಿಂಟ್ ಎಂಟು ಬಂತು. ಅಳಿಸಿ ಮತ್ತೆ ಮಾಡಿದಳು. ಮತ್ತೆ ಅದೇ ಬಂತು.

ಟೀಚರ್ ಒಳಗೆ ಬಂದಾಗ ಅವಳಿಗೆ ಅಳು ಬರುವಂತಾಗಿತ್ತು. "ಅಕ್ಕೋರ, ಸೊನ್ನಿ ಅಂದ್ರ ಏನೂ ಇಲ್ಲ ಹೌದಿಲ್ರಿ? ಏನೂ ಇಲ್ಲದ್ದು ಇಪ್ಪತ್ನಾಲ್ಕನ್ನ ಹೆಂಗ ಕಡಿಮಿ ಮಾಡತೈತ್ರಿ?"

ಮೀನಾಕ್ಷಿ ಟೀಚರ್ ಬೋರ್ಡನ್ನು ಎರಡು ಸಲ ಓದಿದರು. "ಆರಿಫನ ರಿಮ್ ಬಿದ್ದ ಜಾಗ ಗಾಯರಾಣದ ಒಳಗೈತೋ, ಹೊರಗೈತೋ?"

"ಒಳಗರಿ."

"ಮತ್ತ ಅದನ್ನ ಯಾಕ ಬಿಟ್ಟಿ?"

ಯಾಕೆ ಎಂದರೆ ಏನು ಹೇಳುವುದು! ಮನೆಯಲ್ಲಿ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೊದಲು ಪುಷ್ಪಲತಾ ಅಂಗಳದಲ್ಲಿ ಕೂತು ಬಣ್ಣಗೆಟ್ಟ ಬಿಳಿಗಾಯಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು. ಚೀಲಕ್ಕೆ ಹೋಗುವುದು ಕೆಂಪನೆಯ ಕಾಯಿ ಮಾತ್ರ. ಲೆಕ್ಕವನ್ನೂ ಅವಳು ಹಾಗೆಯೇ ಆರಿಸಿ ಹಸನು ಮಾಡಿಬಿಟ್ಟಿದ್ದಳು.

"ಕರೆವ್ವಗ ನೀವೇ ಹೇಳ್ರಿ ಅಕ್ಕೋರ," ಎಂದಳು ಸಣ್ಣ ದನಿಯಲ್ಲಿ.

"ನಾನೂ ಬರತೇನಿ. ಆದ್ರ ಲೆಕ್ಕ ನಿಂದು."

ಅಡುಗೆಮನೆಯವರೆಗಿನ ಇಪ್ಪತ್ತು ಹೆಜ್ಜೆ ಅವಳಿಗೆ ರಾಣೆಬೆನ್ನೂರಿನಷ್ಟು ದೂರವಾದವು. ಅವಳು ತಡವರಿಸುತ್ತ ಹೇಳಿದ್ದನ್ನೆಲ್ಲ ಕರೆವ್ವ ಕೇಳಿದಳು. ಸೌಟನ್ನು ಟಣ್ ಎಂದು ಪಾತ್ರೆಗೆ ಹಾಕಿದಳು.

"ಸೊನ್ನಿ ಬರದು ನನ್ನ ಆಡಿನ ಬಾಯಿಗೆ ಮಣ್ಣ ಹಾಕಿದ್ರಿ! ಇನ್ನೊಂದು ವರ್ಷ ತಪ್ಪಲ ನೀ ಹೊರತೀಯೇನು?"

ಪುಷ್ಪಲತಾಳ ಕಣ್ಣಲ್ಲಿ ನೀರು ತುಂಬಿತು. ಊಟದ ಹೊತ್ತಿನಲ್ಲಿ ಕರೆವ್ವ ಎಲ್ಲರಿಗೂ ಬಡಿಸಿದಳು, ಇವಳ ಕಡೆ ಮಾತ್ರ ನೋಡಲಿಲ್ಲ. ಖರೇ ಲೆಕ್ಕ ಹೇಳಿದರೂ ಬೈಗುಳವೇಕೆ?

ಶಾಲೆ ಬಿಟ್ಟಾಗ ಕರೆವ್ವ ಗೇಟಿನ ಹತ್ತಿರ ನಿಂತಿದ್ದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಆ ಸೊನ್ನಿ ಬಂದ ಜಾಗ ಎಲ್ಲಿ? ತೋರ್ಸು ನಡಿ."

ಆರಿಫನೂ ಹಿಂದೆ ಬಂದ. ಬಯಲಿನ ಆಚೆ ತುದಿಯಲ್ಲಿ ಒಂದು ಜಾಲಿಮರ, ಅದರ ಸುತ್ತ ಬರೀ ಕಲ್ಲು.

ಕರೆವ್ವ ಕಾಲಿನಿಂದ ನೆಲ ಕೆದಕಿ ನೋಡಿದಳು. "ಇಲ್ಲೇ ನಮ್ಮ ಆಡು ಮಧ್ಯಾಹ್ನ ಮಲಗತಿದ್ವು. ಅದಕ್ಕ ನೆಲ ಬಿರುಸಾಗೈತಿ," ಎಂದಳು. ಬಗ್ಗಿ ಒಂದು ಕಲ್ಲು ಎತ್ತಿ ಪಕ್ಕಕ್ಕೆ ಎಸೆದಳು. "ಮಳಿಗಾಲಕ್ಕಿಂತ ಮೊದ್ಲ ಎರಡು ಬುಟ್ಟಿ ಆಡಿನ ಗೊಬ್ರ ಹಾಕಿದ್ರ ಹುಲ್ಲು ಬಂದೀತು. ಉಳಿದ ಎರಡು ಜಾಗ ಎಲ್ಲಿ ಅದಾವು?"

"ಅಲ್ಲಿ!" ಎನ್ನುತ್ತ ಆರಿಫ್ ಮುಂದೆ ಓಡಿದ.

ಪುಷ್ಪಲತಾ ಅವರ ಹಿಂದೆ ನಡೆದಳು. ಹುಲ್ಲು ಅವಳ ಮೊಣಕಾಲು ಸವರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು, ಮೂವತ್ತೊಂದು ಬುಡ ಸಿಕ್ಕ ಜಾಗವೂ ದಾರಿಯಲ್ಲೇ ಇತ್ತು. ಅದೆಲ್ಲಿ ಎಂದು ಕರೆವ್ವ ಕೇಳಲೇ ಇಲ್ಲ.